ಕನ್ನಡ ಆಫ್ ಮಾಡಿ ನೋಡು

ಮೊದಲೇ ಹೇಳಿಬಿಡ್ತೀನಿ, ಇದು ಉಡುಪಿ ಕಡೆಯ ಸಾಲಿಗ್ರಾಮ ಅಲ್ಲ. ಗುರುನರಸಿಂಹ ದೇವಸ್ಥಾನ, ಯಕ್ಷಗಾನ ಮೇಳ ಅಂತ ಮ್ಯಾಪ್ ತೆಗೀಬೇಡಿ. ನಮ್ಮದು ಮೈಸೂರು ಜಿಲ್ಲೆಯ ಸಾಲಿಗ್ರಾಮ. ಕೆ.ಆರ್. ನಗರ ತಾಲ್ಲೂಕಿನಲ್ಲಿದ್ದು ಈಗ ತಾನೇ ಒಂದು ತಾಲ್ಲೂಕಾಗಿರುವ ಊರು. ಅಲ್ಲಿ ನನ್ನ ಚಿಕ್ಕಪ್ಪನ ಮಗಳು ಒಂದು ಸಣ್ಣ ಅಂಗಡಿ ಇಟ್ಟಿದ್ದಾಳೆ. ಲಗ್ನಪತ್ರಿಕೆ, ಹಬ್ಬದ ಫ್ಲೆಕ್ಸ್, ಅಂಗಡಿ ಬೋರ್ಡು, ಎಲ್ಲಾ ಡಿಸೈನ್ ಮಾಡ್ತಾಳೆ. ಅವಳ ನಿಜವಾದ ಕೈಚಳಕ ಇರೋದು ಭಾವಚಿತ್ರದಲ್ಲಿ. ತೀರಿಕೊಂಡವರ ಮಾಸಿದ ಫೋಟೊ ಕೊಟ್ಟರೆ, ಪೆನ್ ಟ್ಯಾಬ್ಲೆಟ್ ಇಟ್ಕೊಂಡು ಕಂಪ್ಯೂಟರಿನಲ್ಲೇ ಬಣ್ಣ ತುಂಬಿ ಮುಖಕ್ಕೆ ಜೀವ ತರ್ತಾಳೆ.

ತಿಂಗಳಿಗೆ ಎರಡು ಸಲವಾದ್ರೂ ಅವಳ ಫೋನು.

‘ಅಣ್ಣ, ಮತ್ತೆ ಬ್ರಷ್ ಬತ್ತಿಲ್ಲ. ಬಿ ಒತ್ತುದ್ರೆ ಏನೂ ಆಯ್ತಿಲ್ಲ.’

‘ಕನ್ನಡ ಆನ್ ಆಗಿರ್ಬೇಕು. ಕನ್ನಡ ಆಫ್ ಮಾಡಿ ನೋಡು.’

‘ಹ್ಞೂ, ಬಂತು.’

ಅಷ್ಟೇ. ಸಮಸ್ಯೆ ಮುಗೀತು, ನಾನು ನನ್ನ ಮೀಟಿಂಗಿಗೆ ವಾಪಸ್. ಎರಡು ವರ್ಷ ಇದೇ ನಡೀತು. ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವ ನಾನು, ಎರಡು ವರ್ಷದಲ್ಲಿ ಒಂದೇ ಒಂದು ಸಲವೂ ‘ಯಾಕೆ ಹಾಗಾಗ್ತಿದೆ’ ಅಂತ ಕೇಳಲಿಲ್ಲ.

ಹೋದ ವರ್ಷ ಒಂದು ತಿಥಿಯ ಫ್ಲೆಕ್ಸ್ ಬಂತು. ಅಜ್ಜಿಯ ಭಾವಚಿತ್ರ, ಕೆಳಗೆ ಹೆಸರು. ಹೆಸರಿನಲ್ಲಿ ‘ಲಕ್ಷ್ಮಿ’ ಇತ್ತು. ಮನೆಯವರು ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದನ್ನು ತಂಗಿ ಹಾಗೇ ಕಾಪಿ ಮಾಡಿ ಚಿತ್ರದ ಕೆಳಗೆ ಹಾಕಿದ್ದಾಳೆ. ರಾತ್ರಿ ಹನ್ನೊಂದರ ಮೇಲಾಗಿತ್ತಂತೆ, ಫೈಲ್ ಪ್ರಿಂಟಿಗೆ ಹೋಗಿದೆ. ಬೆಳಿಗ್ಗೆ ಮನೆ ಮುಂದೆ ಕಟ್ಟಿದ ಮೇಲೆ ಕಂಡಿದ್ದು ‘ಲಕ್‌ಷ್‌ಮಿ’. ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ, ಹಲ್ಲು ಉದುರಿದ ಬಾಯಿಯ ಹಾಗೆ. ತಂಗಿ ಓಡಿಹೋಗಿ ಕ್ಷಮೆ ಕೇಳಿದ್ದಕ್ಕೆ ಆ ಮನೆಯ ಹಿರಿಯರು ಬಯ್ಯಲೇ ಇಲ್ಲ. ‘ಇರ್ಲಿ ಬುಡವ್ವ, ಕಂಪ್ಯೂಟ್ರು ಕನ್ನಡ ಅಂದ್ರೆ ಹಂಗೇ ಅಲ್ವಾ’ ಅಂದರಂತೆ.

ಅವರು ಬೈದಿದ್ದರೆ ನಾನು ಇದನ್ನು ಬರೀತಿರಲಿಲ್ಲ. ಕಂಪ್ಯೂಟರ್ ಕನ್ನಡ ಅಂದ್ರೆ ಹಂಗೇ ಅಂತ ಅವರಿಗೆ ಹೇಳಿಕೊಟ್ಟವರು ಯಾರು? ನಾವೇ. ‘ಕನ್ನಡ ಆಫ್ ಮಾಡಿ ನೋಡು’ ಅಂತ ಫೋನಿನಲ್ಲಿ ಹೇಳಿದ ಪ್ರತಿಯೊಬ್ಬ ಅಣ್ಣ, ಭಾವ, ಬಾಮೈದ. ಯಂತ್ರ ಸರಿಯಿದೆ, ಕೆಟ್ಟಿರೋದು ನಿನ್ನ ಭಾಷೆ ಅನ್ನೋದು ಆ ಸಲಹೆಯ ಅರ್ಥ.

ಕೊನೆಗೂ ಒಂದು ಭಾನುವಾರ ಅವಳ ಅಂಗಡಿಯಲ್ಲಿ ಕೂತೆ. ಬ್ರಷ್ಷಿನ ರೋಗ ಹಿಡಿಯೋಕೆ ಬೇಕಾಗಿದ್ದು ಕಾಲು ಗಂಟೆ. ವಿಂಡೋಸಿನಲ್ಲಿ ಎರಡು ಭಾಷೆ ಇಟ್ಟುಕೊಂಡರೆ ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದಾಗ ಭಾಷೆ ಬದಲಾಗುತ್ತೆ. ಚಿತ್ರ ಬರೆಯುವವರ ಎಡಗೈ ದಿನವಿಡೀ ಇರೋದೇ ಆಲ್ಟ್, ಶಿಫ್ಟ್ ಮೇಲೆ. ವೃತ್ತವನ್ನು ನಡುವಿನಿಂದ ಎಳೆಯೋಕೂ ಅದೇ ಎರಡು ಕೀಲಿ ಬೇಕು. ಅವಳಿಗೆ ಗೊತ್ತಿಲ್ಲದೇ ಭಾಷೆ ಕನ್ನಡಕ್ಕೆ ಹೋಗ್ತಿತ್ತು, ಆಮೇಲೆ ಬಿ ಒತ್ತಿದರೆ ತಂತ್ರಾಂಶಕ್ಕೆ ಬಿ ಮುಟ್ಟುತ್ತಲೇ ಇರಲಿಲ್ಲ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಆ ಕೀಲಿಯ ಮೇಲೆ ಇರೋದು ‘ವ’. ಇರೇಸರಿನ ಇ ಒತ್ತಿದರೆ ಬರೋದು ಬರೀ ದೀರ್ಘ. ಮದ್ದು ಇಷ್ಟೇ: ಸೆಟ್ಟಿಂಗ್ಸ್, ಟೈಮ್ ಅಂಡ್ ಲ್ಯಾಂಗ್ವೇಜ್, ಟೈಪಿಂಗ್, ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್. ಅಲ್ಲಿ ಹಾಟ್ ಕೀಸ್‌ಗೆ ಹೋಗಿ ಆಲ್ಟ್-ಶಿಫ್ಟನ್ನು ತೆಗೆದುಹಾಕಿ. ಭಾಷೆ ಬದಲಿಸೋಕೆ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಇದ್ದೇ ಇದೆ. ಅದೇ ಪುಟದಲ್ಲಿ, ಒಂದೊಂದು ಆ್ಯಪಿಗೆ ಒಂದೊಂದು ಭಾಷೆ ನೆನಪಿಟ್ಟುಕೊಳ್ಳುವ ಆಯ್ಕೆಗೂ ಟಿಕ್ ಹಾಕಿ. ಚಿತ್ರದ ಕಿಟಕಿಯಲ್ಲಿ ಇಂಗ್ಲಿಷ್ ಇರುತ್ತೆ, ಬರಹದ ಕಿಟಕಿಯಲ್ಲಿ ಕನ್ನಡ ಇರುತ್ತೆ, ಒಂದು ಇನ್ನೊಂದರ ತಂಟೆಗೆ ಹೋಗಲ್ಲ.

ಇದು ಬಳಸುವವರ ಕಡೆಯ ಮದ್ದು. ರೋಗದ ಮೂಲ ಇರೋದು ತಂತ್ರಾಂಶ ಬರೆಯುವವರ ಕಡೆ, ಅಂದ್ರೆ ನಮ್ಮ ಕಡೆ. ಯಾವ ಕೀಲಿ ಒತ್ತಿದರು ಅನ್ನೋದನ್ನ ನೋಡದೇ, ಯಾವ ಅಕ್ಷರ ಬಂತು ಅಂತ ನೋಡುವ ಕೋಡ್ ಬರೀತೀವಿ. ಗೇಮ್ ಆಡುವವರಿಗೆ ಇದು ಗೊತ್ತು. ಒಳ್ಳೆಯ ಗೇಮ್ ಕೀಲಿಯ ಜಾಗ ನೋಡುತ್ತೆ, ಅದರ ಮೇಲಿನ ಅಕ್ಷರ ನೋಡಲ್ಲ. ಹಾಗಾಗಿ ಅಕ್ಷರಗಳ ಜಾಗ ಅದಲುಬದಲಾಗಿರುವ ಫ್ರೆಂಚ್ ಕೀಬೋರ್ಡಿನಲ್ಲೂ ಆಟಗಾರನ ಬೆರಳು ಇದ್ದಲ್ಲೇ ಇರುತ್ತೆ. ಗುಂಡು ಹಾರಿಸೋ ಆಟಕ್ಕೆ ತೋರಿಸಿದ ಮರ್ಯಾದೆಯನ್ನ ಚಿತ್ರ ಬರೆಯೋ ಕೈಗೆ ತೋರಿಸೋಕೆ ಏನು ಕಷ್ಟ?

ಇನ್ನೊಂದು ತಮಾಷೆ ಕೇಳಿ. ಕೆ.ಪಿ. ರಾಯರು ರೂಪಿಸಿದ, ನುಡಿ ತಂತ್ರಾಂಶದಿಂದ ನಾಡಿಗೆಲ್ಲ ಪರಿಚಯವಾದ ವಿನ್ಯಾಸದಲ್ಲಿ ಬಿ ಕೀಲಿಯ ಮೇಲೆ ಕೂತಿರೋದು ‘ಬ’. ಬ್ರಷ್ಷಿನ ಬ! ರಾಯರು ಅಷ್ಟು ಜಾಣತನದಿಂದ ನಮ್ಮ ಬೆರಳಿಗೆ ಒಗ್ಗುವ ಹಾಗೆ ಜೋಡಿಸಿಕೊಟ್ಟರೂ, ನಮ್ಮ ತಂತ್ರಾಂಶಗಳಿಗೆ ಆ ಬ ಕಾಣಲ್ಲ.

ಒತ್ತಕ್ಷರದ ಕಥೆ ಬೇರೆ. ಕನ್ನಡಕ್ಕೆ ಯೂನಿಕೋಡಿನಲ್ಲಿ ಜಾಗ ಸಿಕ್ಕಿದ್ದು 1991ರಲ್ಲಿ. ಯೂನಿಕೋಡಿನಲ್ಲಿ ‘ಕ್ಷ್ಮಿ’ ಅಂತ ಒಂದು ಇಡೀ ಅಕ್ಷರ ಇರಲ್ಲ. ಬಿಡಿ ತುಂಡುಗಳಿರ್ತವೆ, ತಂತ್ರಾಂಶ ಅವನ್ನು ಜೋಡಿಸಿ ತೋರಿಸಬೇಕು. ಜೋಡಿಸುವ ಭಾಗ ಆಫ್ ಇದ್ದರೆ ಲಕ್ಷ್ಮಿ ಒಡೀತಾಳೆ. ಅಡೋಬಿಯವರು 2012ರ ಇನ್‌ಡಿಸೈನ್ ಸಿಎಸ್6ರಲ್ಲೇ ಕನ್ನಡವೂ ಸೇರಿ ಭಾರತದ ಹತ್ತು ಭಾಷೆಗಳಿಗೆ ಇದನ್ನು ಕೊಟ್ಟರು. ‘ವರ್ಲ್ಡ್-ರೆಡಿ’ ಅಂತ ಅದರ ಹೆಸರು. ಫೋಟೊಶಾಪಿನಲ್ಲಾದರೆ ಪ್ರಿಫರೆನ್ಸಸ್‌ನ ಟೈಪ್ ಪುಟದಲ್ಲಿ ಅದನ್ನು ಆರಿಸಿಕೊಳ್ಳಬೇಕಿತ್ತು. ಈಚಿನ ಆವೃತ್ತಿಗಳು ತಾವೇ ನೋಡಿಕೊಳ್ತವೆ. ಹಳೇ ಕಂಪ್ಯೂಟರ್ ಇರೋ ಅಂಗಡಿಗಳಲ್ಲಿ ಹಳೇ ಆವೃತ್ತಿಯೇ ಗತಿ. ಅಲ್ಲಿ ಒಂದು ಕ್ಲಿಕ್ಕಿನ ದೂರದಲ್ಲಿ ಸರಿಯಾದ ಕನ್ನಡ ಇದೆ, ಆ ಕ್ಲಿಕ್ ಎಲ್ಲಿದೆ ಅಂತ ಹೇಳುವವರು ಇಲ್ಲ. ಹೀಗಾಗಿ ಎಷ್ಟೋ ಅಂಗಡಿಗಳು ಇವತ್ತಿಗೂ ಹಳೇ ನುಡಿ ಫಾಂಟುಗಳನ್ನೇ ನೆಚ್ಚಿಕೊಂಡಿವೆ. ಅದರಲ್ಲಿ ಒತ್ತಕ್ಷರ ಒಡೆಯಲ್ಲ, ಆದರೆ ಮೊಬೈಲಿನಿಂದ ಬಂದ ಒಂದಕ್ಷರವೂ ಅಲ್ಲಿ ಕೂರಲ್ಲ. ಎಲ್ಲಾ ಹೊಸದಾಗಿ ಟೈಪ್ ಮಾಡಬೇಕು. ಅದಕ್ಕೆ ಕನ್ನಡ ಆನ್ ಮಾಡೋದು ಸ್ಕ್ರೋಲ್ ಲಾಕ್ ಕೀಲಿಯಲ್ಲಿ, ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಆ ಕೀಲಿಯೇ ಇಲ್ಲ!

ಇಷ್ಟು ಹೇಳಿದರೆ ನನ್ನ ಗೆಳೆಯರು ನಗ್ತಾರೆ. ‘ಗುರು, ಇಂಗ್ಲಿಷಲ್ಲೇ ಮಾಡ್ಕೊಳ್ಳಿ ಅನ್ನು. ಯೂಟ್ಯೂಬ್ ಟ್ಯುಟೋರಿಯಲ್ ಎಲ್ಲಾ ಇಂಗ್ಲಿಷಲ್ಲೇ ಇರೋದು.’ ಒಪ್ಪಿದೆ. ತಂಗಿಯೂ ಮೆನು ಇಂಗ್ಲಿಷಿನಲ್ಲೇ ಇಟ್ಟುಕೊಂಡಿದ್ದಾಳೆ, ಅವಳಿಗೆ ಅದೇ ಸಲೀಸು. ಲೇಯರ್ ಅನ್ನೋದನ್ನ ಪದರ ಅನ್ನಿ, ಬ್ರಷ್ಷನ್ನು ಕುಂಚ ಅನ್ನಿ ಅಂತ ನಾನು ಜಗಳಕ್ಕೆ ಬಂದಿಲ್ಲ. ನಿಜ ಹೇಳಬೇಕೂಂದ್ರೆ, ಪಾರಿಭಾಷಿಕ ಪದ ಟಂಕಿಸೋದರಲ್ಲೇ ಕನ್ನಡದ ಕೆಲಸ ಮುಗೀತು ಅಂದುಕೊಂಡ ಪಂಡಿತರ ಮೇಲೂ ನನಗೆ ಸಿಟ್ಟಿದೆ. ನಾನು ಕೇಳ್ತಿರೋದು ತುಂಬ ಸಣ್ಣದು. ಕನ್ನಡದಲ್ಲಿ ಹೆಸರು ಬರೆದ ತಪ್ಪಿಗೆ ಯಾರ ಕೈಯಿಂದಲೂ ಬ್ರಷ್ ಕಿತ್ಕೋಬೇಡಿ. ಸತ್ತವರ ಹೆಸರು ಒಡೀಬೇಡಿ.

2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಅಂದವರು 4.37 ಕೋಟಿ. ಇದು ಚಿಕ್ಕ ಮಾರುಕಟ್ಟೆ ಅಲ್ಲ. ಆದರೂ ಕಂಪನಿಗಳು ಯಾಕೆ ತಲೆ ಕೆಡಿಸಿಕೊಳ್ಳಲ್ಲ? ದೂರು ಕೊಡುವ ಭಾಷೆ, ಸಮಯ, ಓದು ಇರೋದು ನಮ್ಮ ಹತ್ತಿರ. ತೊಂದರೆ ಇರೋದು ಸಾಲಿಗ್ರಾಮದಲ್ಲಿ. ತಂಗಿಗೆ ಬಗ್ ರಿಪೋರ್ಟ್ ಬರೆಯೋಕೆ ಗೊತ್ತಿಲ್ಲ, ನಮಗೆ ಕನ್ನಡದಲ್ಲಿ ಕೆಲಸವೇ ಇಲ್ಲ. ನವೆಂಬರ್ ಒಂದಕ್ಕೆ ಕೆಂಪು-ಹಳದಿ ಡಿಪಿ ಹಾಕಿ, ಎರಡನೇ ತಾರೀಖು ಊರಿಂದ ಫೋನ್ ಬಂದಾಗ ‘ಕನ್ನಡ ಆಫ್ ಮಾಡಿ ನೋಡು’ ಅನ್ನೋರು ನಾವೇ. ನಾನೂ ಅದರಲ್ಲಿ ಒಬ್ಬ.

ಮುಂದಿನ ಸಲ ಊರಿಗೆ ಹೋದಾಗ ಡಿಸೈನ್ ಅಂಗಡಿಗೊಂದು ಹೋಗಿ ಕೂತ್ಕೊಳ್ಳಿ. ಆಲ್ಟ್-ಶಿಫ್ಟ್ ತೆಗೀರಿ. ಟೈಪ್ ಪುಟ ನೋಡಿ. ಆಮೇಲೆ ‘ಸಾಲಿಗ್ರಾಮ’ ಅಂತ ಟೈಪ್ ಮಾಡಿ. ಗ-ಕಾರಕ್ಕೆ ರ-ಒತ್ತು ಬಂದು ಸರಿಯಾಗಿ ಕೂತರೆ ಎದ್ದು ಬನ್ನಿ. ‘ಸಾಲಿಗ್‌ರಾಮ’ ಅಂತ ಬಂದರೆ ಏಳಬೇಡಿ. ಅಲ್ಲಿಂದಲೇ ಆ ತಂತ್ರಾಂಶ ಮಾಡಿದವರಿಗೆ ದೂರು ಬರೀರಿ, ಸ್ಕ್ರೀನ್‌ಶಾಟ್ ಸಮೇತ.