ಹಸುವಿನ ವಿಮೆ ಯಾರ ಹೆಸರಲ್ಲಿದೆ?

ಅಕ್ಕಂದಿರೇ, ರಾಜೀವನಗರದ ಒಬ್ಬ ಅಕ್ಕನ ಹಸು ಸತ್ತಿತು. ಮರಣೋತ್ತರ ವರದಿಗೆ ನಾನೇ ಸಹಿ ಹಾಕಿದೆ, ಕಿವಿಯೋಲೆ ಸಂಖ್ಯೆಯೂ ಸರಿಯಿತ್ತು. ಆದರೆ ವಿಮೆ ಮೂರು ತಿಂಗಳ ಹಿಂದೆ ತೀರಿಕೊಂಡ ಗಂಡನ ಹೆಸರಲ್ಲಿತ್ತು, ದುಡ್ಡು ನಿಂತುಹೋಯಿತು. ಮೇವು ಹಾಕಿ ಹಾಲು ಕರೆದವರು ಆಕೆಯೇ, ಕಾಗದಕ್ಕೆ ಅದು ಲೆಕ್ಕವಿಲ್ಲ.

ಮನೆಯಲ್ಲಿ ಸಾವಾದರೆ 21 ದಿನದೊಳಗೆ ಪಾಲಿಕೆಯಲ್ಲಿ ಬರೆಸಿ, ಮರಣ ಪ್ರಮಾಣಪತ್ರದ ನಾಲ್ಕಾರು ಪ್ರತಿ ಪಡೆಯಿರಿ. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಬ್ಯಾಂಕು ಉತ್ತರಾಧಿಕಾರ ಪ್ರಮಾಣಪತ್ರ ಕೇಳಿದರೆ ಸಿವಿಲ್ ಕೋರ್ಟಿಗೆ ಹೋಗಬೇಕು. ಖಾತೆಗೆ ನಾಮಿನಿಯಾದ ಮಾತ್ರಕ್ಕೆ ಹಣವೆಲ್ಲ ನಿಮ್ಮದಲ್ಲ. ಮಕ್ಕಳಿಗೂ ಅತ್ತೆಗೂ ಪಾಲುಂಟು.

ಇಷ್ಟೆಲ್ಲಕ್ಕೆ ಸಾವಿನವರೆಗೆ ಕಾಯುವುದೇಕೆ? ಗಂಡ ಗಟ್ಟಿಯಾಗಿರುವಾಗಲೇ ಹಸುವಿನ ವಿಮೆ, ಸಂಘದ ಸದಸ್ಯತ್ವ ನಿಮ್ಮ ಹೆಸರಿಗೆ ಬರಲಿ. ಅಪಶಕುನ ಎನ್ನುವವರಿಗೆ ಡಾಕ್ಟರು ಹೇಳಿದರು ಅನ್ನಿ. ಮುಂದಿನ ಸಲ ವಿಮೆಗೆ ಓಲೆ ಹಾಕಲು ಬಂದಾಗ ನಿಮ್ಮ ಆಧಾರ್ ಕಾರ್ಡನ್ನೇ ತೆಗೆದಿಟ್ಟಿರಿ.