ವಿದ್ಯುತ್ ಜಾಲಕ್ಕೆ ಬೇಕು ಸಂಶೋಧಕರು

2012ರ ಜುಲೈ ಕೊನೆಯ ಎರಡು ದಿನಗಳಲ್ಲಿ ಉತ್ತರ, ಪೂರ್ವ ಹಾಗೂ ಈಶಾನ್ಯ ಭಾರತದ ವಿದ್ಯುತ್ ಜಾಲ ಕುಸಿದು ಸುಮಾರು 60 ಕೋಟಿ ಜನ ವಾಸಿಸುವ ಪ್ರದೇಶ ಕತ್ತಲಲ್ಲಿ ಮುಳುಗಿತು. ಪ್ರಸರಣ ಮಾರ್ಗಗಳ ದೌರ್ಬಲ್ಯದ ಜೊತೆಗೆ, ಕೆಲವು ರಾಜ್ಯಗಳು ತಮ್ಮ ಪಾಲಿಗಿಂತ ಹೆಚ್ಚು ವಿದ್ಯುತ್ ಎಳೆದುಕೊಂಡದ್ದೂ ಇದಕ್ಕೆ ಕಾರಣವೆಂದು ತನಿಖಾ ಸಮಿತಿ ಹೇಳಿತು. ಪ್ರತಿ ರಾಜ್ಯವೂ ತನ್ನ ಮಟ್ಟಿಗೆ ಲೆಕ್ಕಾಚಾರದಿಂದಲೇ ನಡೆದುಕೊಂಡಿತ್ತು. ನಷ್ಟ ಮಾತ್ರ ಎಲ್ಲರದು. ಈ ವಿಪರ್ಯಾಸವನ್ನು ವಿವರಿಸುವುದು ಅರ್ಥಶಾಸ್ತ್ರಜ್ಞರ ಗೇಮ್ ಥಿಯರಿ. ಜಾಲ ಬೀಳದಂತೆ ಹಿಡಿದು ನಿಲ್ಲಿಸುವುದು ಕಂಟ್ರೋಲ್ ಎಂಜಿನಿಯರಿಂಗ್.

ಈ ಎರಡು ವಿದ್ಯೆಗಳೂ ನಮ್ಮಲ್ಲಿ ಒಮ್ಮೆ ಕೈಜೋಡಿಸಿದ್ದವು. 2002–03ರಲ್ಲಿ ಜಾರಿಗೆ ಬಂದ ಲಭ್ಯತಾ ಆಧಾರಿತ ದರ ಪದ್ಧತಿಯಲ್ಲಿ, ನಿಗದಿಗಿಂತ ಹೆಚ್ಚು ಎಳೆದ ವಿದ್ಯುತ್ತಿನ ಬೆಲೆಯನ್ನು ಜಾಲದ ಫ್ರೀಕ್ವೆನ್ಸಿಗೆ ಜೋಡಿಸಲಾಯಿತು. 50 ಹರ್ಟ್ಸ್‌ಗಿಂತ ಅದು ಕೆಳಗಿಳಿದಷ್ಟೂ ದರ ಏರುತ್ತಿತ್ತು. ಆದೇಶ ಹೊರಡಿಸಿ ಸಾಧಿಸಲಾಗದ ಶಿಸ್ತನ್ನು ಬೆಲೆಯೇ ಬಹುಮಟ್ಟಿಗೆ ತಂದಿತು. (ಆದೇಶಗಳನ್ನು ಹೊರಡಿಸುತ್ತಲೇ ವೃತ್ತಿಜೀವನ ಕಳೆದವನು ಈ ಮಾತು ಹೇಳುತ್ತಿದ್ದೇನೆ.) ಆದರೂ 2012ರ ಕುಸಿತ ತಪ್ಪಲಿಲ್ಲ. 2014ರಲ್ಲಿ ನಿಯಮಗಳನ್ನು ಬಿಗಿಗೊಳಿಸಬೇಕಾಯಿತು.

ಅಂದು ದಕ್ಷಿಣದ ಜಾಲ ಪ್ರತ್ಯೇಕವಾಗಿದ್ದುದರಿಂದ ನಾವು ಬಚಾವಾದೆವು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ಅದು ರಾಷ್ಟ್ರೀಯ ಜಾಲಕ್ಕೆ ಸೇರಿತು. ಜೊತೆಗೆ ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಬಂದಿದೆ. ಸಂಜೆ ಅಲ್ಲಿನ ಉತ್ಪಾದನೆ ಇಳಿಯುವ ಹೊತ್ತಿಗೇ ನಗರದ ಬೇಡಿಕೆ ಏರುತ್ತದೆ. ಚಾವಣಿಯಲ್ಲಿ ಸೌರಫಲಕ ಹಾಕಿಕೊಂಡ ಮನೆಯವರೂ, ವಿದ್ಯುತ್ ಕಾರು ಕೊಂಡವರೂ ಈಗ ಈ ಆಟದಲ್ಲಿ ಆಟಗಾರರೇ. ಅವರ ವರ್ತನೆಯನ್ನು ಊಹಿಸಿ ದರ ರೂಪಿಸಬಲ್ಲವರು ಎಷ್ಟು ಮಂದಿ ಇದ್ದಾರೆ?

ಕಲಿಯಲು ಸ್ಥಳವಿಲ್ಲವೆಂದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎರಡೂ ವಿಷಯಗಳಲ್ಲಿ ಪಿಎಚ್‌.ಡಿ. ಮಾಡಬಹುದು, ಬಾಂಬೆ ಐಐಟಿಯಲ್ಲಿ ಸಿಸ್ಟಮ್ಸ್ ಮತ್ತು ಕಂಟ್ರೋಲ್‌ಗೆಂದೇ ವಿಭಾಗವಿದೆ. ತೊಡಕಿರುವುದು ಪ್ರವೇಶದಲ್ಲಿ. ಎಂಜಿನಿಯರಿಂಗ್ ವಿಭಾಗಗಳ ಸಂಶೋಧನೆಗೆ ಅರ್ಥಶಾಸ್ತ್ರದ ಎಂ.ಎ. ಸಾಮಾನ್ಯವಾಗಿ ಅರ್ಹತೆಯಲ್ಲ. ಎಂಜಿನಿಯರಿಗೆ ಅರ್ಥಶಾಸ್ತ್ರದ ಗಾಳಿಯೂ ಸೋಕಿರುವುದಿಲ್ಲ. ಹಣದ ತಾರತಮ್ಯ ಬೇರೆ. 2018ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ ತಿಂಗಳಿಗೆ 70,000 ರೂಪಾಯಿಯಿಂದ ಶುರುವಾಯಿತು. ಸಾಮಾನ್ಯ ಕಿರಿಯ ಫೆಲೋಶಿಪ್ 2023ರಲ್ಲಿ ಏರಿದ್ದು 37,000ಕ್ಕೆ. ಅದೂ ಸಿಗದೆ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ನಡೆಸುವವರು ಅನೇಕರು. ಗಣಿತದಲ್ಲಿ ಚುರುಕಾದ ಬಡ ಮನೆಯ ಹುಡುಗಿ ಐದು ವರ್ಷ ಕಾಯುವಳೇಕೆ? ಸಾಫ್ಟ್‌ವೇರ್ ಕಂಪನಿ ಮೊದಲ ತಿಂಗಳಿಂದಲೇ ಸಂಬಳ ಕೊಡುತ್ತದೆ.

ರಾಜ್ಯದ ಇಂಧನ ಇಲಾಖೆ ತಾನೇ ಹತ್ತು ಫೆಲೋಶಿಪ್‌ಗಳನ್ನು ಕೊಡಲಿ. ಎಂ.ಎ. ಓದಿದವರಿಗೂ ಬಿ.ಇ. ಓದಿದವರಿಗೂ ಬಾಗಿಲು ತೆರೆದಿರಲಿ. ಮೊದಲ ವರ್ಷ ಇಬ್ಬರೂ ಒಬ್ಬರ ಶಾಸ್ತ್ರವನ್ನು ಇನ್ನೊಬ್ಬರು ಕಲಿಯಲಿ. ‘ಯಾವ ಲೆಕ್ಕ ಶೀರ್ಷಿಕೆಯಡಿ?’ ಎಂಬ ಷರಾ ಕಡತದ ಮೇಲೆ ಬೀಳುವುದನ್ನು ಬಲ್ಲೆ. ಹತ್ತು ಮಂದಿಗೆ ತಿಂಗಳಿಗೆ 70,000ದಂತೆ ಕೊಟ್ಟರೂ ವರ್ಷಕ್ಕೆ 84 ಲಕ್ಷ ರೂಪಾಯಿ. ಇದರ ಜೊತೆಗೆ ಬೇಡಿಕೆ-ಪೂರೈಕೆಯ ಹಳೆಯ ದಾಖಲೆಗಳನ್ನೂ ಅವರ ಕೈಗೊಪ್ಪಿಸಬೇಕು. ಅದಕ್ಕೆ ಒಂದು ಪೈಸೆಯೂ ಖರ್ಚಾಗದು, ಒಂದು ಸಹಿ ಸಾಕು.