ಆಯಾಳನ್ನು ಜಾಲಾಡುವವರೇ, ಮೊದಲು ನಿಮ್ಮ ಕಡತ ತೆರೆಯಿರಿ!

ಶಾಲೆಗೆ ಕೆಲಸಕ್ಕೆ ಸೇರುವ ಆಯಾ, ಡ್ರೈವರ್, ಕ್ಲೀನರ್, ವಾಚ್‌ಮನ್‌ಗಳ ಪೂರ್ವಾಪರವನ್ನು ಪೊಲೀಸರಿಂದ ವಿಚಾರಿಸಬೇಕೇ? ವಿಚಾರಿಸಲೇಬೇಕು. ಮಕ್ಕಳ ರಕ್ಷಣೆಯಲ್ಲಿ ದಾಕ್ಷಿಣ್ಯ ಸಲ್ಲದು. ಆದರೆ ಗೆಳೆಯರೇ, ವಿಚಾರಣೆಯ ಹೆಸರಿನಲ್ಲಿ ನಡೆಯುವ ನಾಟಕವನ್ನೂ ಸ್ವಲ್ಪ ನೋಡಿ.

2014ರ ಜುಲೈನಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದರೊಳಗೆ 6 ವರ್ಷದ ಮಗುವಿನ ಮೇಲೆ ಅತ್ಯಾಚಾರವಾದ ಸುದ್ದಿ ಬಂತು. ತಂದೆತಾಯಿಗಳು ಬೀದಿಗಿಳಿದರು. ಆಗ ಪೊಲೀಸರು ಬಂಧಿಸಿದ್ದು ಯಾರನ್ನು? ಆಯಾಳನ್ನಲ್ಲ, ಡ್ರೈವರನ್ನಲ್ಲ. ಕ್ರೀಡೆ, ವ್ಯಾಯಾಮ ಕಲಿಸುವವರನ್ನು! ಮಾಹಿತಿ ಮುಚ್ಚಿಟ್ಟ ಆರೋಪದ ಮೇಲೆ ಶಾಲೆಯ ಅಧ್ಯಕ್ಷರನ್ನೂ ಬಂಧಿಸಲಾಯಿತು.

2020ರ ಪೋಕ್ಸೋ ನಿಯಮ ಸ್ಪಷ್ಟವಾಗಿದೆ. ಬೋಧಕರಿರಲಿ, ಬೋಧಕೇತರರಿರಲಿ, ಕಾಯಂ ಇರಲಿ, ಗುತ್ತಿಗೆ ಇರಲಿ, ಮಕ್ಕಳ ಸಂಪರ್ಕಕ್ಕೆ ಬರುವ ಪ್ರತಿಯೊಬ್ಬ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಸಂಸ್ಥೆಯೇ ಮಾಡಿಸಬೇಕು. ಒಮ್ಮೆ ಮಾಡಿ ಬಿಡುವುದಲ್ಲ, ಕಾಲಕಾಲಕ್ಕೆ ಮಾಡಿಸಬೇಕು.

ನಾನು ಪ್ರೆಸ್ಸಿನವನು. ಶಾಲೆಯೊಂದರ ನೌಕರಿ ಫಾರಂಗಳು ನನ್ನಲ್ಲಿಗೆ ಅಚ್ಚಿಗೆ ಬಂದಿದ್ದವು. ಟೀಚರುಗಳ ಫಾರಂನಲ್ಲಿ ಪೊಲೀಸರ ಸುದ್ದಿಯೇ ಇಲ್ಲ. ಆಯಾ, ಡ್ರೈವರುಗಳ ಫಾರಂನಲ್ಲಿ ಮಾತ್ರ ಇದೆ, ಅದೂ ಅವರದೇ ಖರ್ಚಿನಲ್ಲಿ! ಎಲ್ಲವೂ ಇಂಗ್ಲಿಷ್. "ಕನ್ನಡದಲ್ಲೂ ಹಾಕೋಣವೇ ಸಾರ್?" ಎಂದೆ. "ಅವರು ಓದೋದ್ಯಾಕೆ? ಸೈನ್ ಹಾಕಿದ್ರೆ ಸಾಕು" ಎಂಬ ಉತ್ತರ ಬಂತು. ತಾನು ಯಾವುದಕ್ಕೆ ಒಪ್ಪಿದೆನೆಂದೇ ತಿಳಿಯದವಳ ಹೆಬ್ಬೆಟ್ಟಿನಿಂದ ಯಾವ ಮಗುವಿಗೆ ರಕ್ಷಣೆ?

ಇನ್ನು ಆ ಪೊಲೀಸ್ ಸರ್ಟಿಫಿಕೇಟಿನ ಹಣೆಬರಹ. ಠಾಣೆಯಲ್ಲಿ ದಾಖಲಾದದ್ದು ಮಾತ್ರ ಅದರಲ್ಲಿ ಬರುತ್ತದೆ. ಹಿಂದಿನ ಶಾಲೆಯಲ್ಲಿ ಒಬ್ಬ ಮಗುವಿನೊಂದಿಗೆ ಅಸಹ್ಯವಾಗಿ ನಡೆದುಕೊಂಡ ಎನ್ನಿ. ಆಡಳಿತ ಮಂಡಳಿಗೆ ಶಾಲೆಯ ಹೆಸರಿನ ಚಿಂತೆ. ದೂರಿಲ್ಲ, ಕೇಸಿಲ್ಲ. ರಾಜೀನಾಮೆ ಬರೆಸಿಕೊಂಡು, ಕೈಗೊಂದು ಒಳ್ಳೆಯ ನಡತೆಯ ಪತ್ರ ಕೊಟ್ಟು ಸಾಗಹಾಕುತ್ತಾರೆ. ಅವನು ಮುಂದಿನ ಶಾಲೆಗೆ ಹಾಲಿನಲ್ಲಿ ತೊಳೆದ ಮುತ್ತಾಗಿ ಹೋಗುತ್ತಾನೆ! ಪರಿಶೀಲನೆಯನ್ನು ಕೊಂದವರು ಪೊಲೀಸರಲ್ಲ, ಮುಚ್ಚಿಹಾಕಿದವರು. 2012ರ ಪೋಕ್ಸೋ ಕಾಯ್ದೆಯ ಪ್ರಕಾರ, ತನ್ನ ಕೈಕೆಳಗಿನವನ ಇಂಥ ಅಪರಾಧವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥನಿಗೆ 1 ವರ್ಷದವರೆಗೆ ಜೈಲು ಮತ್ತು ದಂಡ. ಈ ಕಲಮನ್ನು ಯಾವ ಶಾಲೆಯ ನೋಟಿಸ್ ಬೋರ್ಡಿನಲ್ಲಿ ನೋಡಿದ್ದೀರಿ?

ಸುಲಭಕ್ಕೆ ಸಿಗುವವನು ಬಡವ. 2017ರ ಸೆಪ್ಟೆಂಬರ್‌ನಲ್ಲಿ ಹರಿಯಾಣದ ಗುರುಗ್ರಾಮದ ಶಾಲೆಯೊಂದರಲ್ಲಿ 7 ವರ್ಷದ ಬಾಲಕನ ಕೊಲೆಯಾಯಿತು. ಪೊಲೀಸರು ಅಂದೇ ಬಸ್ ಕಂಡಕ್ಟರನನ್ನು ಹಿಡಿದು, ತಪ್ಪೊಪ್ಪಿಕೊಂಡನೆಂದು ಸಾರಿದರು. ಆಮೇಲೆ ಸಿಬಿಐ ಅದೇ ಶಾಲೆಯ ವಿದ್ಯಾರ್ಥಿಯೊಬ್ಬನನ್ನು ವಶಕ್ಕೆ ಪಡೆಯಿತು. 2018ರ ಫೆಬ್ರವರಿಯಲ್ಲಿ ನ್ಯಾಯಾಲಯ ಕಂಡಕ್ಟರನನ್ನು ಪ್ರಕರಣದಿಂದ ಕೈಬಿಟ್ಟಿತು. ಅವನ ಕಳೆದುಹೋದ ಮಾನವನ್ನು ಯಾರು ತಂದುಕೊಟ್ಟರು?

ಯುವಕರೇ, ನಿಮ್ಮ ತಮ್ಮ ತಂಗಿಯರ ಶಾಲೆಗೆ ತಂದೆತಾಯಿಗಳ ಜೊತೆ ಹೋಗಿ, ನೇರವಾಗಿ ಕೇಳಿ. ಪ್ರಿನ್ಸಿಪಾಲರಿಂದ ಜಾಡಮಾಲಿಯವರೆಗೆ ಎಲ್ಲರ ಪರಿಶೀಲನೆ ಆಗಿದೆಯೇ? ಖರ್ಚು ಕೊಟ್ಟವರು ಯಾರು? ಫಾರಂ ಕನ್ನಡದಲ್ಲಿದೆಯೇ? ಹಿಂದಿನ ಶಾಲೆ ಬಿಟ್ಟ ಕಾರಣವನ್ನು ಲಿಖಿತವಾಗಿ ತರಿಸಿದ್ದೀರಾ? ಮಗು ದೂರು ಹೇಳಿದರೆ ಠಾಣೆಗೆ ತಿಳಿಸುವವರು ಯಾರು? 1098 ಸಂಖ್ಯೆ ಮಕ್ಕಳ ಕಣ್ಣಿಗೆ ಬೀಳುವಂತೆ ಬರೆದಿದ್ದೀರಾ?

ಉತ್ತರ ಸಿಗದಿದ್ದರೆ ಗೇಟಿನ ಮುಂದೆ ಕೂರೋಣ. ಅಲ್ಲಿನ ವಾಚ್‌ಮನ್ ಮೇಲೆ ರೇಗಬೇಡಿ. ನಮ್ಮ ಜಗಳ ಒಳಗೆ ಎ.ಸಿ. ರೂಮಿನಲ್ಲಿ ಕೂತವರ ಜೊತೆ!